ಒಂದು ಆ್ಯಪ್ 1200 ಅನ್ನತ್ತೆ, ಇನ್ನೊಂದು 1880 ಅನ್ನತ್ತೆ: ತೂಕ ಇಳಿಸೋಕೆ ದಿನಕ್ಕೆ ನಿಜವಾಗಿ ಎಷ್ಟು ಕ್ಯಾಲರಿ ತಿನ್ಬೇಕು?

ಪ್ರಶ್ನೆ: ನನಗೆ 38 ವರ್ಷ, ಊರು ದಾವಣಗೆರೆ. ಎತ್ತರ 158 ಸೆಂ.ಮೀ. ಬ್ಯಾಂಕಲ್ಲಿ ಕೆಲಸ, ಬೆಳಿಗ್ಗೆಯಿಂದ ಸಂಜೆ ತನಕ ಕೂತೇ ಇರ್ತೀನಿ. 78 ಕೆಜಿ ಇದ್ದೆ. ಫೋನಲ್ಲಿ ಒಂದು ಆ್ಯಪ್ ಹಾಕ್ಕೊಂಡೆ, ಅದು ದಿನಕ್ಕೆ 1200 ಕ್ಯಾಲರಿ ತಿನ್ನಿ ಅಂತು. ಬೇಗ ಇಳೀಲಿ ಅಂತ ನಾನೇ 1000ಕ್ಕೆ ಇಳಿಸಿದೆ. ಎರಡು ತಿಂಗಳಲ್ಲಿ 5 ಕೆಜಿ ಕಮ್ಮಿ ಆಯ್ತು, ಆಮೇಲೆ ಐದು ವಾರದಿಂದ 73ರಲ್ಲೇ ನಿಂತುಬಿಟ್ಟಿದೆ. ಕೂದಲು ತುಂಬಾ ಉದುರ್ತಿದೆ, ಮಧ್ಯಾಹ್ನ ತಲೆ ಸುತ್ತತ್ತೆ, ಈ ಸಲ ಪೀರಿಯಡ್ಸ್ ಹನ್ನೆರಡು ದಿನ ತಡ ಆಯ್ತು. ಥೈರಾಯ್ಡ್ ಮಾತ್ರೆ ತಗೋತೀನಿ. ನಾದಿನಿ ಅನ್ನ ಬಿಟ್ಟು ಬರೀ ರೊಟ್ಟಿ ತಿನ್ನಿ ಅಂತಾಳೆ. ಆಫೀಸಲ್ಲೊಬ್ಬರು ಕಮ್ಮಿ ತಿಂದೂ ತಿಂದೂ ನಿಮ್ಮ ಮೆಟಬಾಲಿಸಂ ಸತ್ತೋಗಿದೆ ಅಂತಾರೆ. ಬೇರೆ ಆ್ಯಪಲ್ಲಿ ನೋಡಿದ್ರೆ 1880 ಅಂತ ಬರತ್ತೆ. ಯಾವುದನ್ನ ನಂಬಲಿ? ಮನೇಲಿ ಮೊಟ್ಟೆ, ಮಾಂಸ ಇಲ್ಲ, ಅಡುಗೆ ಅತ್ತೆ ಮಾಡ್ತಾರೆ. 13 ವರ್ಷದ ಮಗಳೂ ಸ್ವಲ್ಪ ದಪ್ಪ ಇದ್ದಾಳೆ, ಅವಳಿಗೂ ಇದೇ ಲೆಕ್ಕ ಹಾಕಬಹುದಾ?

ಉತ್ತರ: ನೀವು ಕೇಳಿರೋದು ನಂಬರ್ ಬಗ್ಗೆ, ಆದ್ರೆ ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡಿದ್ದು ತಲೆ ಸುತ್ತು, ಕೂದಲು, ತಡವಾದ ಪೀರಿಯಡ್ಸ್. ಈ ಮೂರೂ ಒಟ್ಟಿಗೆ ಬಂದಿವೆ ಅಂದ್ರೆ 1000 ಕ್ಯಾಲರಿ ಪ್ರಯತ್ನವನ್ನ ಇವತ್ತೇ ನಿಲ್ಲಿಸಿ, ಸೋಮವಾರಕ್ಕೆ ಅಂತ ಕಾಯಬೇಡಿ. ಮುಂದಿನ ಸಲವೂ ಪೀರಿಯಡ್ಸ್ ತಡ ಆದ್ರೆ ಮೊದಲು ಒಂದು ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಕೊಳ್ಳಿ, ಇದನ್ನ ಹೇಳೋಕೆ ಎಷ್ಟೋ ಜನ ಮುಜುಗರ ಪಡ್ತಾರೆ, ಆದ್ರೆ ಡಾಕ್ಟರ್ ಕೇಳೋ ಮೊದಲನೇ ಪ್ರಶ್ನೆನೇ ಅದು. ಆಮೇಲೆ ಥೈರಾಯ್ಡ್ ಹೇಗಿದೆ ಅಂತ ಹೇಳೋ ಟಿಎಸ್‌ಎಚ್, ಹಿಮೋಗ್ಲೋಬಿನ್, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳೋ ಫೆರಿಟಿನ್, ಬಿ12, ಮೂರು ತಿಂಗಳ ಶುಗರ್ ಅಂದ್ರೆ ಎಚ್‌ಬಿಎ1ಸಿ, ಇಷ್ಟು ಮಾಡಿಸಿ ನಿಮ್ಮ ಡಾಕ್ಟರ್‌ಗೆ ತೋರಿಸಿ. ತೂಕ ಬದಲಾದಾಗ ಥೈರಾಯ್ಡ್ ಡೋಸ್ ಕೂಡ ಒಂದು ಸಲ ನೋಡ್ಕೋಬೇಕು. ಹಾಗೇ ಆ ಮಾತ್ರೆಯನ್ನ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ತಗೊಂಡು ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡ್ತಿದ್ದೀರಾ ಅಂತಲೂ ನೋಡಿ, ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಮಾತ್ರೆ ನುಂಗಿದ ತಕ್ಷಣ ಕಾಫಿ ಕುಡಿಯೋರು ನನ್ನ ಹತ್ರ ಬರೋರಲ್ಲಿ ತುಂಬಾ ಜನ ಇದ್ದಾರೆ, ಹಾಗೆ ಮಾಡಿದ್ರೆ ಮಾತ್ರೆ ಸರಿಯಾಗಿ ಹೀರಿಕೊಳ್ಳೋದೇ ಇಲ್ಲ.

ಥೈರಾಯ್ಡ್ ಇದೆ ಅಂದ್ರೆ ತೂಕ ಇಳಿಯೋದೇ ಇಲ್ಲ ಅನ್ನೋದು ಮಾತ್ರ ನಿಜ ಅಲ್ಲ. ಹೈಪೋಥೈರಾಯ್ಡ್, ಅಂದ್ರೆ ಥೈರಾಯ್ಡ್ ಕಮ್ಮಿ ಕೆಲಸ ಮಾಡೋದ್ರಿಂದ ಏರೋ ತೂಕ ಸಾಮಾನ್ಯವಾಗಿ 2ರಿಂದ 5 ಕೆಜಿ, ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ಟಿಎಸ್‌ಎಚ್ ಹದದಲ್ಲಿದ್ರೆ ನಿಮಗೂ ಬೇರೆಯವರಿಗೂ ಲೆಕ್ಕ ಒಂದೇ.

ಈಗ ಆ ಎರಡು ನಂಬರ್ ವಿಷಯ. ಹೆಚ್ಚಿನ ಆ್ಯಪ್‌ಗಳು ಬಳಸೋದು ಮಿಫ್ಲಿನ್–ಸೇಂಟ್ ಜೋರ್ ಅನ್ನೋ ಸೂತ್ರ, 1990ರಲ್ಲಿ ಅಮೆರಿಕದಲ್ಲಿ ಬಂದಿದ್ದು. ಹೆಂಗಸರಿಗೆ ಅದು ಹೀಗೆ: ತೂಕವನ್ನ 10ರಿಂದ ಗುಣಿಸಿ, ಎತ್ತರವನ್ನ 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ, ಅದರಿಂದ ವಯಸ್ಸಿನ ಐದರಷ್ಟನ್ನ ಕಳೀರಿ, ಕೊನೆಗೆ 161 ಕಳೀರಿ. ಗಂಡಸರಿಗಾದ್ರೆ 161 ಕಳೆಯೋ ಬದಲು 5 ಕೂಡಿಸೋದು. ನಿಮ್ಮದು 730 ಪ್ಲಸ್ 987, ಅದರಿಂದ 190, ಮತ್ತೆ 161 ಹೋದ್ರೆ ಸುಮಾರು 1366. ಇದು ಬಿಎಂಆರ್, ಅಂದ್ರೆ ಇಡೀ ದಿನ ಸುಮ್ನೆ ಮಲಗಿದ್ರೂ ಹೃದಯ, ಮೆದುಳು, ಲಿವರ್, ಕಿಡ್ನಿ ನಡೆಸೋಕೆ ದೇಹ ಖರ್ಚು ಮಾಡೋ ಕ್ಯಾಲರಿ. ಇದನ್ನ ನಮ್ಮ ಓಡಾಟಕ್ಕೆ ತಕ್ಕ ಹಾಗೆ ಗುಣಿಸಬೇಕು, ಕೂತು ಮಾಡೋ ಕೆಲಸ ಆದ್ರೆ 1.2, ಸ್ವಲ್ಪ ಓಡಾಟ ಇದ್ರೆ 1.375. ನಿಮಗೆ 1.2 ಹಾಕಿದ್ರೆ 1640 ಬರತ್ತೆ, 1.375 ಹಾಕಿದ್ರೆ 1880.

ಗೊತ್ತಾಯ್ತಲ್ಲ, ಎರಡನೇ ಆ್ಯಪ್ ಹೇಳಿದ 1880 ತೂಕ ಇಳಿಸೋ ನಂಬರೇ ಅಲ್ಲ. ನೀವು ದಿನಾ ಸ್ವಲ್ಪ ವ್ಯಾಯಾಮ ಮಾಡ್ತೀರಿ ಅಂತ ಅಂದ್ಕೊಂಡು ಈಗಿರೋ ತೂಕದಲ್ಲೇ ಇರೋಕೆ ಎಷ್ಟು ಬೇಕು ಅಂತ ಅದು ಹೇಳಿದೆ ಅಷ್ಟೇ. ಮೊದಲನೇ ಆ್ಯಪ್‌ನ 1200 ಎಲ್ಲಿಂದ ಬಂತು? ಬಹುಶಃ ಅಲ್ಲಿ ನೀವು ವಾರಕ್ಕೆ 1 ಕೆಜಿ ಇಳೀಬೇಕು ಅಂತ ಒತ್ತಿರ್ತೀರಿ. ಒಂದು ಕೆಜಿ ಕೊಬ್ಬಲ್ಲಿ ಸುಮಾರು 7700 ಕ್ಯಾಲರಿ ಇರತ್ತೆ, ವಾರಕ್ಕೆ ಅಷ್ಟು ಕಳೀಬೇಕಂದ್ರೆ ದಿನಕ್ಕೆ 1100 ಕಮ್ಮಿ ತಿನ್ಬೇಕು, 1640ರಲ್ಲಿ 1100 ಹೋದ್ರೆ ಉಳಿಯೋದು 540. ಅಷ್ಟು ಕಮ್ಮಿ ಯಾವ ಆ್ಯಪೂ ಬಾಯಿಬಿಟ್ಟು ಹೇಳೋ ಹಾಗಿಲ್ಲ, ಅದಕ್ಕೆ ಹೆಂಗಸರಿಗೆ 1200, ಗಂಡಸರಿಗೆ 1500ರ ಕೆಳಗೆ ಹೋಗದ ಹಾಗೆ ಅದರಲ್ಲಿ ಒಂದು ತಡೆ ಹಾಕಿರ್ತಾರೆ. ನಿಮಗೆ ಸಿಕ್ಕಿದ್ದು ಆ ತಡೆಯ ನಂಬರ್, ನಿಮ್ಮ ದೇಹದ ಲೆಕ್ಕ ಅಲ್ಲ. ಎಷ್ಟೋ ಹೆಂಗಸರು ಎತ್ತರ, ವಯಸ್ಸು, ಕೆಲಸ ಎಲ್ಲ ಬೇರೆಬೇರೆ ಇದ್ರೂ ನಂಗೂ 1200 ಬಂತು ನಂಗೂ 1200 ಬಂತು ಅನ್ನೋದು ಇದಕ್ಕೇ.

ನಮ್ಮ ದೇಶದ ಲೆಕ್ಕದ ಜೊತೆಗೂ ಒಂದು ಸಲ ತಾಳೆ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಎನ್‌ಐಎನ್ ಅಂತೀವಲ್ಲ, ಅವರು 2020ರಲ್ಲಿ ಕೊಟ್ಟ ಪ್ರಕಾರ ಕೂತು ಕೆಲಸ ಮಾಡೋ 55 ಕೆಜಿ ಹೆಂಗಸಿಗೆ ದಿನಕ್ಕೆ 1660, 65 ಕೆಜಿ ಗಂಡಸಿಗೆ 2110 ಕ್ಯಾಲರಿ. ನೀವು ಅದಕ್ಕಿಂತ ದಪ್ಪ ಇದ್ದೀರಿ, ಮನೆಗೆಲಸವೂ ಇದೆ, ಹಾಗಾಗಿ ನಿಮ್ಮ ನಿಜವಾದ ಖರ್ಚು 1650ರಿಂದ 1750ರ ಮಧ್ಯ ಇರಬೇಕು ಅನ್ನೋದು ನನ್ನ ಅಂದಾಜು. ಅಂದಾಜು ಅಂತ ಯಾಕೆ ಹೇಳ್ತಿದ್ದೀನಿ ಅಂದ್ರೆ ಇಂಥ ಸೂತ್ರಗಳು ಒಬ್ಬೊಬ್ಬರಿಗೆ ಶೇಕಡಾ 10ರಷ್ಟು ಆಚೆಈಚೆ ಆಗೋದು ಮಾಮೂಲಿ, ಸ್ನಾಯು ಕಮ್ಮಿ ಇರೋ ನಮ್ಮಂಥ ಮೈಕಟ್ಟಿಗೆ ಸಾಮಾನ್ಯವಾಗಿ ಜಾಸ್ತಿನೇ ತೋರಿಸತ್ತೆ.

ಇಲ್ಲಿ ನಾನು ಸ್ವಲ್ಪ ಖಡಾಖಂಡಿತವಾಗಿ ಒಂದು ಮಾತು ಹೇಳ್ಬೇಕು. ಎಲ್ಲಾ ಕಡೆ "ವಾರಕ್ಕೆ ಅರ್ಧದಿಂದ ಒಂದು ಕೆಜಿ ಇಳಿಸೋದು ಆರೋಗ್ಯಕರ" ಅಂತ ಬರೀತಾರಲ್ಲ, ನೂರು ಕೆಜಿ ಇರೋ, ದಿನಕ್ಕೆ 2600 ಖರ್ಚು ಮಾಡೋ ಎತ್ತರದ ಮನುಷ್ಯನಿಗೆ ಅದು ಸರಿಹೋಗತ್ತೆ. ಐದಡಿ ಎರಡಿಂಚು ಎತ್ತರದ, ಕುರ್ಚಿ ಕೆಲಸದ ಹೆಂಗಸಿಗೆ ಅರ್ಧ ಕೆಜಿ ಅಂದ್ರೇನೇ ದಿನಕ್ಕೆ 550 ಕ್ಯಾಲರಿ ಕಡಿತ, 1640ರಿಂದ ತೆಗೆದ್ರೆ 1100ಕ್ಕೂ ಕೆಳಗೆ ಹೋಗ್ತೀರಿ. ಅಷ್ಟರಲ್ಲಿ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಎಲ್ಲ ತುಂಬಿಸೋದು ಸಸ್ಯಾಹಾರಿ ಊಟದಲ್ಲಿ ಹೆಚ್ಚುಕಮ್ಮಿ ಆಗದ ಮಾತು. ನಿಮಗೆ ಸರಿಯಾದ ವೇಗ ವಾರಕ್ಕೆ 300ರಿಂದ 400 ಗ್ರಾಂ, ತಿಂಗಳಿಗೆ ಒಂದೂಕಾಲು, ಒಂದೂವರೆ ಕೆಜಿ. ಕೇಳೋಕೆ ಸಪ್ಪೆ ಅನ್ಸತ್ತೆ, ಗೊತ್ತು. ಆದ್ರೆ 1400ರ ಆಸುಪಾಸು ತಿಂದು, ಜೊತೆಗೆ ನಡಿಗೆ ಸೇರಿಸಿದ್ರೆ ಇಷ್ಟು ಖಂಡಿತ ಸಾಧ್ಯ, ಕೂದಲೂ ಉಳಿಯತ್ತೆ.

ಮೆಟಬಾಲಿಸಂ, ಅಂದ್ರೆ ದೇಹ ಕ್ಯಾಲರಿ ಖರ್ಚು ಮಾಡೋ ಕೆಲಸ, ಸತ್ತೋಗಿದೆ ಅನ್ನೋ ಮಾತಿಗೆ ಬರ್ತೀನಿ. ಎರಡನೇ ಮಹಾಯುದ್ಧದ ಕೊನೆಗೆ, 1944–45ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರನ್ನ ಆರು ತಿಂಗಳು ಅರೆಹೊಟ್ಟೇಲಿ ಇಟ್ಟು ಪರೀಕ್ಷೆ ಮಾಡಿದ್ರು. ಅವರಿಗೆ ಸಿಗ್ತಿದ್ದಿದ್ದು ದಿನಕ್ಕೆ ಸುಮಾರು 1570 ಕ್ಯಾಲರಿ, ಮೈಲಿಗಟ್ಟಲೆ ನಡೆಸ್ತಿದ್ರು ಬೇರೆ. ತೂಕದಲ್ಲಿ ಕಾಲು ಭಾಗ ಹೋಯ್ತು. ಮೆಟಬಾಲಿಸಂ ಚೆನ್ನಾಗೇ ಇಳೀತು, ಚಳಿ, ಸುಸ್ತು, ಸಿಡುಕು, ಇಡೀ ದಿನ ಊಟದ್ದೇ ಯೋಚನೆ, ಎಲ್ಲಾ ಬಂತು, ಆದ್ರೆ ಮೆಟಬಾಲಿಸಂ ನಿಂತುಹೋಗಿ ತಿನ್ನದೇ ಇದ್ರೂ ತೂಕ ಇಳೀದೇ ಉಳಿದವರು ಯಾರೂ ಇಲ್ಲ. ಹಾಗಾಗಿ ದೇಹ ಖರ್ಚು ಕಡಿಮೆ ಮಾಡ್ಕೊಳ್ಳೋದು ನಿಜ, ಸತ್ತೋಗೋದು ಸುಳ್ಳು.

ಹಾಗಾದ್ರೆ ನಿಮ್ಮದು ಯಾಕೆ ನಿಂತಿದೆ? ನಿಜವಾಗ್ಲೂ 1000 ಮಾತ್ರ ತಿಂದಿದ್ರೆ ಐದು ವಾರದಲ್ಲಿ ಲೆಕ್ಕದ ಪ್ರಕಾರ ಎರಡೂವರೆ ಕೆಜಿಯಾದ್ರೂ ಹೋಗ್ಬೇಕಿತ್ತು. ಅದರಲ್ಲಿ ಸ್ವಲ್ಪ ಭಾಗ ನೀರು ಮುಚ್ಚಿಟ್ಟಿರಬಹುದು. ಪೀರಿಯಡ್ಸ್ ಹತ್ರ ಬಂದಾಗ ಒಂದು, ಕೆಲವರಿಗೆ ಎರಡು ಕೆಜಿ ತನಕ ನೀರು ನಿಲ್ಲತ್ತೆ, ನಿಮ್ಮದು ತಡ ಆಗಿದೆ ಬೇರೆ. ಮೊದಲ ಎರಡು ತಿಂಗಳಲ್ಲಿ ಹೋದ 5 ಕೆಜಿಯಲ್ಲೂ ಅಷ್ಟೂ ಕೊಬ್ಬಲ್ಲ, ಶುರುವಿನಲ್ಲಿ ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ, ಅಂದ್ರೆ ಗ್ಲೈಕೋಜನ್, ಖಾಲಿಯಾಗತ್ತೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಹೋಗತ್ತೆ. ಸ್ವಲ್ಪ ಸ್ನಾಯುವೂ ಹೋಗಿರತ್ತೆ.

ಉಳಿದದ್ದು ಬರೆದುಕೊಳ್ಳದೇ ಹೊಟ್ಟೆಗೆ ಹೋದ ಊಟ. ದಯವಿಟ್ಟು ಬೇಜಾರು ಮಾಡ್ಕೋಬೇಡಿ, ನೀವು ಸುಳ್ಳು ಹೇಳ್ತಿದ್ದೀರಿ ಅಂತ ನಾನು ಹೇಳ್ತಿಲ್ಲ. 1992ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ, ನಾವು 1200ಕ್ಕಿಂತ ಕಮ್ಮಿ ತಿಂದ್ರೂ ಇಳೀತಿಲ್ಲ ಅನ್ನೋರ ಒಂದು ಚಿಕ್ಕ ಗುಂಪನ್ನ ಸರಿಯಾದ ಉಪಕರಣ, ವಿಧಾನಗಳಲ್ಲಿ ಅಳೆದು ನೋಡಿದ್ರು. ಅವರ ಮೆಟಬಾಲಿಸಂ ಸರಿಯಾಗೇ ಇತ್ತು, ತಿಂತಿದ್ದಿದ್ದು ಮಾತ್ರ ಅವರೇ ಬರೆದಿದ್ದಕ್ಕಿಂತ ಹತ್ತತ್ರ ಎರಡು ಪಟ್ಟು. ಅವರೂ ಪ್ರಾಮಾಣಿಕವಾಗೇ ಬರೆದಿದ್ರು. ಊಟವನ್ನ ಕಣ್ಣಳತೇಲಿ ಅಂದಾಜು ಮಾಡೋದು ಮನುಷ್ಯರಿಗೆ ಕಷ್ಟ, ನಮ್ಮ ಅಡುಗೇಲಿ ಇನ್ನೂ ಕಷ್ಟ, ಯಾಕಂದ್ರೆ ನಮ್ಮ ಕ್ಯಾಲರಿ ಎಲ್ಲ ಒಗ್ಗರಣೇಲಿ, ಕಾಯಿತುರಿಯಲ್ಲಿ, ಪುಡಿಯಲ್ಲಿ ಕರಗಿ ಕೂತಿರತ್ತೆ.

ಎಣ್ಣೆಯನ್ನೇ ತಗೊಳ್ಳಿ. ನಾನು ಯಾರಿಗೇ ಆದ್ರೂ ಮೊದಲು ಕೇಳೋದು ದಿನಕ್ಕೆ ಎಷ್ಟು ಚಮಚ ಎಣ್ಣೆ ಹಾಕ್ತೀರಿ ಅಂತ ಅಲ್ಲ, ತಿಂಗಳಿಗೆ ಎಷ್ಟು ಲೀಟರ್ ತರ್ತೀರಿ ಅಂತ. ನಿಮ್ಮ ಮನೇಲಿ ಐದು ಜನ ಅಂದ್ಕೊಳ್ಳೋಣ, 5 ಲೀಟರ್ ಕ್ಯಾನ್ ಒಂದು ತಿಂಗಳು ಬರತ್ತೆ ಅಂದ್ಕೊಳ್ಳೋಣ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ. ಭಾಗಿಸಿದ್ರೆ ತಲೆಗೆ ದಿನಕ್ಕೆ 30 ಗ್ರಾಂ, ಅಂದ್ರೆ 270 ಕ್ಯಾಲರಿ. ಆ್ಯಪಲ್ಲಿ ನೀವು ಬೀನ್ಸ್ ಪಲ್ಯ ಒಂದು ಕಪ್ ಅಂತ ಒತ್ತಿದ್ರೆ ಅದು 80 ಅಂತ ಹಾಕ್ಕೊಳ್ಳತ್ತೆ, ಅತ್ತೆ ಬಾಣಲೆಗೆ ಎಷ್ಟು ಬಗ್ಗಿಸಿದ್ರು ಅಂತ ಅದಕ್ಕೇನು ಗೊತ್ತು. ತುಪ್ಪ, ಬೆಣ್ಣೆ ಇದರ ಮೇಲೆ. ಎನ್‌ಐಎನ್ 2024ರಲ್ಲಿ ಕೊಟ್ಟ 2000 ಕ್ಯಾಲರಿ ತಟ್ಟೇಲಿ ಎಣ್ಣೆ ತುಪ್ಪ ಎಲ್ಲಾ ಸೇರಿ ಇರೋದೇ 27 ಗ್ರಾಂ, ನಿಮ್ಮ 1400ಕ್ಕೆ 15ರಿಂದ 20 ಗ್ರಾಂ ಸಾಕು, ಅಂದ್ರೆ ಮೂರ್ನಾಲ್ಕು ಟೀ ಚಮಚ. ಅಡುಗೆಯವರ ಜೊತೆ ಜಗಳ ಬೇಡ. ನಿಮ್ಮ ಪಲ್ಯವನ್ನ ಒಗ್ಗರಣೆಗೆ ಮುಂಚೆ ಬೇರೆ ತೆಗೆದಿಟ್ಕೊಂಡು ನೀವೇ ಒಂದು ಚಮಚ ಎಣ್ಣೇಲಿ ಒಗ್ಗರಿಸಿಕೊಳ್ಳಿ, ಇಲ್ಲಾಂದ್ರೆ ತಿಂಗಳ ಸಾಮಾನಲ್ಲೇ 5 ಲೀಟರ್ ಬದಲು 4 ತನ್ನಿ. ಮನೆಯವರಿಗೆಲ್ಲ ಒಳ್ಳೇದು.

ಎಣ್ಣೆ ಆದ್ಮೇಲೆ ಶೇಂಗಾ ಚಟ್ನಿಪುಡಿ. ನಿಮ್ಮ ಕಡೆ ರೊಟ್ಟಿ ಜೊತೆ ಅದಿಲ್ಲದೇ ಊಟ ಆಗಲ್ಲ, ಎರಡು ದೊಡ್ಡ ಚಮಚ ಅಂದ್ರೆ 20 ಗ್ರಾಂ, 100ಕ್ಕೂ ಮೇಲೆ ಕ್ಯಾಲರಿ, ಮೇಲಿಂದ ಎಣ್ಣೆ ಹಾಕಿ ಕಲಸ್ಕೊಂಡ್ರೆ 150. ತಿನ್ಬೇಡಿ ಅಂತಲ್ಲ, ಅಳೆದು ಒಂದು ಚಮಚ ಹಾಕ್ಕೊಳ್ಳಿ. ಕಾಫಿಯಲ್ಲಿ 100 ಎಂಎಲ್ ಹಾಲು, ಎರಡು ಚಮಚ ಸಕ್ಕರೆ ಅಂದ್ರೆ 100ರ ಹತ್ರ, ಬ್ಯಾಂಕಲ್ಲಿ ಮೂರು ಸಲ ಬಂದ್ರೆ 300. ಮಗಳು ತಟ್ಟೇಲಿ ಬಿಟ್ಟ ಅರ್ಧ ದೋಸೆ, ರುಚಿ ನೋಡಿದ ಸಾರು, ಸಂಜೆ ಮಂಡಕ್ಕಿ ಜೊತೆ ಒಂದು ಮಿರ್ಚಿ, ಇವೆಲ್ಲ ಯಾರೂ ಬರೆಯಲ್ಲ. ಮಂಡಕ್ಕಿ ತಾನೇ ಹಗುರ, ಒಂದು ಬಟ್ಟಲಿಗೆ 70 ಇರಬಹುದು, ಒಗ್ಗರಣೆ ಎಣ್ಣೆ, ಶೇಂಗಾ, ಮಿರ್ಚಿ ಸೇರಿ ಅದು 300, 350 ಆಗೋದು. ಭಾನುವಾರದ ಬೆಣ್ಣೆ ದೋಸೇಲಿ ಬರೀ ಬೆಣ್ಣೆನೇ ದೋಸೆಗೆ 15 ಗ್ರಾಂ ಹಾಕಿದ್ರೆ 110 ಕ್ಯಾಲರಿ, ಎರಡು ದೋಸೆ ಅಂದ್ರೆ 220, ದೋಸೆ ಲೆಕ್ಕ ಬೇರೆ. ಐದು ದಿನ ಒದ್ದಾಡಿ ಉಳಿಸಿದ್ದು ಶನಿವಾರ ಭಾನುವಾರ ಹೋಗಿಬಿಡತ್ತೆ, ಅದೂ ಐದು ದಿನ ಹಸ್ಕೊಂಡಿದ್ದಕ್ಕೇ.

ನಾದಿನಿ ಹೇಳಿದ ಅನ್ನ–ರೊಟ್ಟಿ ವಿಷಯ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ, ಜೋಳದ ಹಿಟ್ಟಲ್ಲಿ 330, ರಾಗಿ ಹಿಟ್ಟಲ್ಲಿ 320. ವ್ಯತ್ಯಾಸ ಅಷ್ಟೇ! ಜೋಳ, ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ತುಂಬಿರತ್ತೆ, ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ಅದೆಲ್ಲ ಒಳ್ಳೇದೇ. ಆದ್ರೆ ಅನ್ನ ಬಿಟ್ಟು ನಾಲ್ಕು ರೊಟ್ಟಿ ತಿಂದ್ರೆ ನಾಲ್ಕು ರೊಟ್ಟಿಯ 550, 600 ಕ್ಯಾಲರಿ ಒಳಗೆ ಹೋಗೇ ಹೋಗತ್ತೆ. ಅಡುಗೆಮನೆಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತಗೊಳ್ಳಿ, ಇದೊಂದು ಖರ್ಚು ಮಾತ್ರ ನಾನು ಒತ್ತಾಯ ಮಾಡಿ ಮಾಡಿಸ್ತೀನಿ. ಅಕ್ಕಿ, ಬೇಳೆ, ಹಿಟ್ಟನ್ನ ಬೇಯಿಸೋಕೆ ಮುಂಚೆ ಒಣಗಿದ್ದಾಗಲೇ ತೂಗಬೇಕು, ಬೆಂದ ಮೇಲೆ ನೀರಿನ ತೂಕ ಸೇರಿ ಲೆಕ್ಕ ಕೆಡತ್ತೆ. ಒಂದು ವಾರ ತೂಗಿದ್ರೆ ನಿಮ್ಮನೆ ರೊಟ್ಟಿ ಎಷ್ಟು ಗ್ರಾಂ ಹಿಟ್ಟಿನದು, ನಿಮ್ಮ ಅನ್ನದ ಸೌಟು ಎಷ್ಟು ಅಂತ ಗೊತ್ತಾಗತ್ತೆ, ಆಮೇಲೆ ದಿನಾ ತೂಗೋ ಅವಶ್ಯಕತೆ ಇಲ್ಲ.

ಕ್ಯಾಲರಿಗಿಂತಲೂ ನನಗೆ ನಿಮ್ಮ ವಿಷಯದಲ್ಲಿ ಚಿಂತೆ ಇರೋದು ಪ್ರೋಟೀನ್ ಬಗ್ಗೆ. ತೂಕ ಇಳಿಸೋವಾಗ ಪ್ರೋಟೀನ್ ಕಮ್ಮಿ ಆದ್ರೆ ಕೊಬ್ಬಿನ ಜೊತೆ ಸ್ನಾಯು ಹೋಗತ್ತೆ, ಸ್ನಾಯು ಹೋದ್ರೆ ದಿನದ ಖರ್ಚು ಇನ್ನೂ ಇಳಿಯತ್ತೆ. ತಿನ್ನೋದು ದಿಢೀರ್ ಅಂತ ಕಮ್ಮಿ ಮಾಡಿದ ಎರಡು ಮೂರು ತಿಂಗಳಿಗೆ ಕೂದಲು ಉದುರೋಕೆ ಶುರು ಆಗೋದು ತುಂಬಾ ಸಾಮಾನ್ಯ, ಪ್ರೋಟೀನ್, ಕಬ್ಬಿಣ ಎರಡೂ ಸರಿಹೋದ್ರೆ ಅದು ವಾಪಸ್ ಬರತ್ತೆ, ತಿಂಗಳುಗಟ್ಟಲೆ ಟೈಮ್ ತಗೊಳ್ಳತ್ತೆ ಅಷ್ಟೇ. ನಿಮಗೆ ದಿನಕ್ಕೆ 55ರಿಂದ 65 ಗ್ರಾಂ ಗುರಿ ಇಟ್ಕೊಳ್ಳಿ. ಬೇಳೆ ಸಾರಲ್ಲಿ ಪ್ರೋಟೀನ್ ಇದೆ ಅಂತ ಎಲ್ಲರೂ ಹೇಳ್ತಾರೆ, ತೊಗರಿಬೇಳೆಯಲ್ಲಿ 100 ಗ್ರಾಂಗೆ 22 ಗ್ರಾಂ ಇರೋದು ಸರಿ, ಆದ್ರೆ ತಿಳಿಸಾರಲ್ಲಿ ಒಬ್ಬರ ಪಾಲಿಗೆ ಬರೋ ಬೇಳೆ 10, 15 ಗ್ರಾಂ. ಎರಡು ಮೂರು ಗ್ರಾಂ ಪ್ರೋಟೀನ್ ಆಯ್ತು.

ನಿಮ್ಮ ಒಂದು ದಿನ ಹೀಗಿರಬಹುದು. ಬೆಳಿಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, ಒಂದೂವರೆ ಟೀ ಚಮಚ ಎಣ್ಣೇಲಿ, ಸುಮಾರು 270 ಕ್ಯಾಲರಿ, 14 ಗ್ರಾಂ ಪ್ರೋಟೀನ್. ಮಧ್ಯಾಹ್ನ ಡಬ್ಬಿಗೆ ತಲಾ 40 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿ, 30 ಗ್ರಾಂ ಕಾಳಿನ ಮೊಳಕೆ ಪಲ್ಯ, ಒಂದು ಬಟ್ಟಲು ಗಟ್ಟಿ ಮೊಸರು, ಸೌತೆಕಾಯಿ, ಹಸಿ ಮೆಂತ್ಯಸೊಪ್ಪು, ಈರುಳ್ಳಿ, ಎಲ್ಲಾ ಸೇರಿ 520, 530. ಸಂಜೆ ಒಂದು ಹಿಡಿ ಹುರಿಗಡಲೆ, 90. ರಾತ್ರಿ 40 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ಬೇಳೆ ಬೀಳೋ ಹಾಗೆ ಗಟ್ಟಿಯಾಗಿ ಮಾಡಿದ ಸೊಪ್ಪಿನ ಸಾರು, ಪಲ್ಯ, ಮಜ್ಜಿಗೆ, 400. ಅರ್ಧ ಚಮಚ ಸಕ್ಕರೆ ಹಾಕಿದ ಎರಡು ಕಾಫಿಗೆ 150. ಒಟ್ಟು 1400ರ ಆಸುಪಾಸು, ಪ್ರೋಟೀನ್ 55ರ ಮೇಲೆ. ಪಲ್ಯದಲ್ಲಿ ವಾರಕ್ಕೆ ಮೂರು ದಿನ ಕಾಳಿನ ಬದಲು 30 ಗ್ರಾಂ ಸೋಯಾ ಚಂಕ್ಸ್ ಹಾಕಿದ್ರೆ ಅದರಲ್ಲೇ 15 ಗ್ರಾಂ ಪ್ರೋಟೀನ್ ಬರತ್ತೆ, ಆದ್ರೆ ಥೈರಾಯ್ಡ್ ಮಾತ್ರೆ ತಗೊಂಡ ಹೊತ್ತಿಗೆ ಸೋಯಾ ಬೇಡ, ಮಧ್ಯಾಹ್ನ ರಾತ್ರಿ ತೊಂದರೆ ಇಲ್ಲ. ಇದೇ ತಿನ್ಬೇಕು ಅಂತ ಏನಿಲ್ಲ, ಪ್ರಮಾಣ ಹೇಗಿರತ್ತೆ ಅಂತ ತೋರಿಸೋಕೆ ಬರೆದೆ.

1000ದಿಂದ 1400ಕ್ಕೆ ಏರಿಸಿದ ಮೊದಲ ವಾರ ಹತ್ತು ದಿನದಲ್ಲಿ ತೂಕ ಅರ್ಧದಿಂದ ಒಂದು ಕೆಜಿ ಜಾಸ್ತಿ ತೋರಿಸಬಹುದು. ಅದು ಗ್ಲೈಕೋಜನ್ ಮತ್ತು ನೀರು ವಾಪಸ್ ತುಂಬ್ಕೊಳ್ಳೋದು, ಕೊಬ್ಬಲ್ಲ. ಇಲ್ಲೇ ಹೆದರಿ ಮತ್ತೆ 1000ಕ್ಕೆ ಓಡೋರನ್ನ ತುಂಬಾ ನೋಡಿದ್ದೀನಿ, ಅದಕ್ಕೇ ಮೊದಲೇ ಹೇಳ್ತಿದ್ದೀನಿ.

ಈಗ ನಿಮ್ಮ ನಿಜವಾದ ನಂಬರ್ ಹುಡುಕೋ ರೀತಿ, ನನ್ನ ಪ್ರಕಾರ ಇಡೀ ಉತ್ತರದಲ್ಲಿ ಮುಖ್ಯವಾದ ಭಾಗ ಇದೇ. ಸೂತ್ರ ಕೊಡೋದು ಶುರು ಮಾಡೋಕೆ ಒಂದು ಅಂದಾಜು ಮಾತ್ರ, ಸರಿಯಾದ ಉತ್ತರ ನಿಮ್ಮ ತಕ್ಕಡಿ ಮತ್ತೆ ನಿಮ್ಮ ಡೈರಿಯಲ್ಲೇ ಸಿಗತ್ತೆ. ದಿನಾ ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದು, ಏನೂ ತಿನ್ನೋ ಮುಂಚೆ ತೂಕ ನೋಡಿ ಬರೆದಿಡಿ, ಆದ್ರೆ ಆ ದಿನದ ನಂಬರ್‌ಗೆ ತಲೆ ಕೆಡಿಸ್ಕೋಬೇಡಿ, ಏಳು ದಿನದ ಸರಾಸರಿ ಮಾತ್ರ ನೋಡಿ. ತಿಂದಿದ್ದನ್ನೂ ಭಾನುವಾರ ಸೇರಿಸಿ ಬರೀರಿ. ಒಂದು ಪೂರ್ತಿ ಪೀರಿಯಡ್ಸ್ ಸೈಕಲ್, ಅಂದ್ರೆ ನಾಲ್ಕೈದು ವಾರ ಆದ್ಮೇಲೆ ಲೆಕ್ಕ ಹಾಕಿ. ಉದಾಹರಣೆಗೆ ಸರಾಸರಿ 1450 ತಿಂದಿದ್ದೀರಿ, ವಾರಕ್ಕೆ 300 ಗ್ರಾಂ ಇಳಿದಿದೆ ಅಂದ್ಕೊಳ್ಳಿ. 0.3ನ್ನ 7700ರಿಂದ ಗುಣಿಸಿ 7ರಿಂದ ಭಾಗಿಸಿದ್ರೆ ದಿನಕ್ಕೆ 330. ಹಾಗಾದ್ರೆ ನಿಮ್ಮ ದೇಹದ ಖರ್ಚು 1450 ಪ್ಲಸ್ 330, ಅಂದ್ರೆ 1780. ಅಳತೇಲಿ ಸ್ವಲ್ಪ ತಪ್ಪಿದ್ರೂ ಪರವಾಗಿಲ್ಲ, ದಿನಾ ಒಂದೇ ಥರ ತಪ್ಪಾಗ್ತಿದ್ರೆ ಅದು ಈ ಲೆಕ್ಕದೊಳಗೇ ಸೇರಿಹೋಗಿರತ್ತೆ. ಸರಾಸರಿ ಅಲ್ಲಾಡದೇ ಇದ್ರೆ 100 ಕಮ್ಮಿ ಮಾಡಿ, ಇಲ್ಲಾ ನಡಿಗೆ ಜಾಸ್ತಿ ಮಾಡಿ. ವಾರಕ್ಕೆ 700 ಗ್ರಾಂ ಇಳೀತಿದ್ರೆ 150 ಜಾಸ್ತಿ ತಿನ್ನಿ. ತೂಕ ಇಳಿದಂಗೆ ಖರ್ಚೂ ಇಳಿಯತ್ತೆ, 5 ಕೆಜಿ ಹೋದ್ರೆ ದಿನಕ್ಕೆ ಸುಮಾರು 60 ಕ್ಯಾಲರಿ, ಹಾಗಾಗಿ ನಾಲ್ಕೈದು ಕೆಜಿಗೊಮ್ಮೆ ಮತ್ತೆ ಲೆಕ್ಕ ಹಾಕ್ಬೇಕು. 7700ರ ಗಣಿತವನ್ನ ವರ್ಷಗಟ್ಟಲೆ ನೇರ ಗೆರೆ ಥರ ಎಳೆದ್ರೆ ನಿರಾಸೆ ಆಗೋದು ಇದಕ್ಕೇ.

ನಡಿಗೆ ದಿನಕ್ಕೆ 40 ನಿಮಿಷ ಸಾಕು. ಮೂರು ಕಿ.ಮೀ. ಗೆ ನಿಮ್ಮ ತೂಕದಲ್ಲಿ ಹೆಚ್ಚುವರಿ ಖರ್ಚು 120ರ ಆಸುಪಾಸು, ಕೈಯಲ್ಲಿರೋ ವಾಚ್ 220 ಅಂತ ತೋರಿಸಿದ್ರೂ ಅದನ್ನ ನಂಬ್ಕೊಂಡು ಅಷ್ಟು ಜಾಸ್ತಿ ತಿನ್ಬೇಡಿ. ವಾರಕ್ಕೆ ಎರಡು ಸಲ ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಪುಷ್‌ಅಪ್, ನೀರಿನ ಬಾಟ್ಲಿ ಎತ್ತೋದು, ಇಂಥದ್ದು ಮಾಡಿ, ಸ್ನಾಯು ಉಳಿಸ್ಕೊಳ್ಳೋಕೆ. ತಲೆ ಸುತ್ತು ಪೂರ್ತಿ ನಿಂತಮೇಲೆ ಮಾತ್ರ ಶುರು ಮಾಡಿ.

ಬರೆದಿಡೋದೇ ಹಿಂಸೆ ಅನ್ಸಿದ್ರೆ ಎಣಿಸದೇನೂ ಮಾಡಬಹುದು: ಅರ್ಧ ತಟ್ಟೆ ತರಕಾರಿ ಸೊಪ್ಪು, ಕಾಲು ತಟ್ಟೆ ಕಾಳು ಬೇಳೆ ಮೊಸರು, ಕಾಲು ತಟ್ಟೆ ಅನ್ನ ಅಥವಾ ರೊಟ್ಟಿ. ಇದರಲ್ಲಿ ಇಳಿಯೋದು ನಿಧಾನ, ಎಣ್ಣೆ ಲೆಕ್ಕ ತಪ್ಪಿದ್ರೆ ಇಳಿಯೋದೇ ಇಲ್ಲ, ಆದ್ರೆ ಮನಸ್ಸಿಗೆ ಆರಾಮು. ಊಟದ ಬಗ್ಗೆ ಹಗಲೂ ರಾತ್ರಿ ಯೋಚನೆ ಬರೋರು, ತಿಂದಮೇಲೆ ತಪ್ಪು ಮಾಡಿದೆ ಅಂತ ಅಳೋರು ಎಣಿಸೋ ದಾರಿಗೆ ಹೋಗಲೇಬಾರದು. ಎಂಟು ಗಂಟೆ ಊಟ, ಹದಿನಾರು ಗಂಟೆ ಉಪವಾಸ ಅನ್ನೋದೂ ಕೆಲವರಿಗೆ ಒಗ್ಗತ್ತೆ, ಅದರಲ್ಲಿ ಬೇರೆ ಮ್ಯಾಜಿಕ್ ಇಲ್ಲ, ಒಟ್ಟು ಕ್ಯಾಲರಿ ಕಮ್ಮಿ ಆಗೋದ್ರಿಂದ ತೂಕ ಇಳಿಯತ್ತೆ ಅಷ್ಟೇ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳೋರು ಡಾಕ್ಟರ್‌ನ ಕೇಳದೇ ಮಾಡಿದ್ರೆ ಶುಗರ್ ಅಪಾಯ ಆಗೋ ಮಟ್ಟಕ್ಕೆ ಇಳೀಬಹುದು. 800 ಕ್ಯಾಲರಿ ಡಯಟ್, ಪೌಡರ್ ಶೇಕ್ ಡಯಟ್ ಇವನ್ನ ವೈದ್ಯರ ನಿಗಾದಲ್ಲಿ ಬಿಟ್ರೆ ಮಾಡ್ಬಾರದು, ವಾರಕ್ಕೆ ಒಂದೂವರೆ ಕೆಜಿ ದಾಟಿ ಇಳಿದ್ರೆ ಪಿತ್ತಕೋಶದಲ್ಲಿ ಕಲ್ಲಾಗೋ ಸಾಧ್ಯತೆ ಚೆನ್ನಾಗೇ ಏರತ್ತೆ. 2025ರಲ್ಲಿ ನಮ್ಮಲ್ಲೂ ತೂಕ ಇಳಿಸೋಕೆ ಅಂತ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಇಂಜೆಕ್ಷನ್ ಬಂದಿವೆ, ಕೆಲಸ ಮಾಡ್ತವೆ, ಆದ್ರೆ ವಾಕರಿಕೆ, ಮಲಬದ್ಧತೆ ಮಾಮೂಲಿ, ಬಿಟ್ಟರೆ ತೂಕ ಬಹುಪಾಲು ವಾಪಸ್ ಬರತ್ತೆ, ಯಾರಿಗೆ ಬೇಕು ಅಂತ ಡಾಕ್ಟರೇ ಹೇಳ್ಬೇಕು. ನಿಮ್ಮ ಈಗಿನ ಸ್ಥಿತೀಲಿ ಮೊದಲು ಹೊಟ್ಟೆ ತುಂಬಾ ಸರಿಯಾದ ಊಟ, ರಕ್ತ ಪರೀಕ್ಷೆ, ಅದರ ಆಚೆ ಯೋಚನೆ ಬೇಡ.

ನೀವು ಈಗಾಗ್ಲೇ ಇಳಿಸಿರೋ 5 ಕೆಜಿ ಕಮ್ಮಿ ಏನಲ್ಲ. ಮೊದಲಿನ ತೂಕದ ಶೇಕಡಾ 6ಕ್ಕೂ ಜಾಸ್ತಿ, ಶೇಕಡಾ 5 ಇಳಿದ್ರೇನೇ ಶುಗರ್, ಬಿಪಿ, ಲಿವರ್ ಕೊಬ್ಬು ಎಲ್ಲದರಲ್ಲೂ ಸುಧಾರಣೆ ಕಾಣೋಕೆ ಶುರು ಆಗತ್ತೆ. ನಿಮ್ಮ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಈಗ 29, ನಮ್ಮ ಜನಕ್ಕೆ 25 ದಾಟಿದ್ರೆ ಬೊಜ್ಜು ಅಂತ ಲೆಕ್ಕ, ಹಾಗಾಗಿ ಇನ್ನೂ ಇಳಿಸೋದು ಒಳ್ಳೇದೇ. ಜೊತೆಗೆ ಟೇಪ್ ಹಿಡಿದು ಸೊಂಟದ ಸುತ್ತಳತೆ ತಿಂಗಳಿಗೊಮ್ಮೆ ಬರೆದಿಡಿ, ಹೆಂಗಸರಿಗೆ 80 ಸೆಂ.ಮೀ. ಒಳಗೆ ಇರಬೇಕು ಅನ್ನೋದು ದೂರದ ಗುರಿ. ತೂಕ ನಿಂತ ಹಾಗೆ ಕಂಡ ತಿಂಗಳಲ್ಲೂ ಸುತ್ತಳತೆ ಒಂದೆರಡು ಸೆಂ.ಮೀ. ಇಳಿದಿರೋದುಂಟು.

ಮಗಳ ವಿಷಯ ಕೊನೆಗೆ ಇಟ್ಕೊಂಡೆ, ಉತ್ತರ ಮಾತ್ರ ಸ್ಪಷ್ಟ: ಬೇಡ. ಮೇಲಿನ ಸೂತ್ರ ದೊಡ್ಡವರಿಗೆ ಮಾತ್ರ ಮಾಡಿದ್ದು. 13ರ ವಯಸ್ಸಲ್ಲಿ ಎತ್ತರ, ಮೂಳೆ, ಪೀರಿಯಡ್ಸ್ ಎಲ್ಲ ಕೂಡಿ ಬರೋ ಹೊತ್ತು, ಈಗ ಊಟ ಕಡಿತ ಮಾಡಿದ್ರೆ ಅದಕ್ಕೆಲ್ಲ ಪೆಟ್ಟು ಬೀಳತ್ತೆ. ಈ ವಯಸ್ಸಲ್ಲಿ ದಪ್ಪ ಅನ್ನೋದನ್ನ ವಯಸ್ಸಿಗೆ ತಕ್ಕ ಬೆಳವಣಿಗೆ ಚಾರ್ಟಲ್ಲಿ ನೋಡಿ ಮಕ್ಕಳ ಡಾಕ್ಟರೇ ಹೇಳ್ಬೇಕು, ನಮ್ಮ ಕಣ್ಣಳತೆ ಸಾಲದು. ಎಷ್ಟೋ ಮಕ್ಕಳಿಗೆ ತೂಕ ಇಳಿಸೋದೇ ಬೇಕಾಗಿರಲ್ಲ, ಏರೋದು ನಿಧಾನ ಆಗಿ ಎತ್ತರ ಬೆಳೆದ್ರೆ ತಾನಾಗೇ ಸರಿಹೋಗತ್ತೆ. ಅವಳ ಫೋನಲ್ಲಿ ಆ ಆ್ಯಪ್ ಇದ್ರೆ ತೆಗೆಸಿಬಿಡಿ, ಅವಳ ಮುಂದೆ ತಕ್ಕಡಿ ಮೇಲೆ ನಿಂತು ಛೇ ಅನ್ನೋದೂ ಬೇಡ. ಮನೆಗೆ ತರೋ ಎಣ್ಣೆ ಕಮ್ಮಿ ಮಾಡಿ, ಬೇಕರಿ ಪೊಟ್ಟಣ, ಬಾಟ್ಲಿ ಜ್ಯೂಸ್ ತರೋದು ನಿಲ್ಲಿಸಿ, ಸಂಜೆ ನಿಮ್ಮ ಜೊತೆ ನಡಿಗೆಗೆ ಕರ್ಕೊಂಡು ಹೋಗಿ, ಬ್ಯಾಡ್ಮಿಂಟನ್ನೋ ಸೈಕಲ್ಲೋ ಅವಳಿಗೆ ಇಷ್ಟ ಆಗಿದ್ದು ಆಡೋಕೆ ಬಿಡಿ. ಕುತ್ತಿಗೆ ಹಿಂದೆ ಚರ್ಮ ಕಪ್ಪಾಗಿ ದಪ್ಪ ಆಗಿದ್ರೆ, ಇಲ್ಲಾ ಪೀರಿಯಡ್ಸ್ ಶುರುವಾಗಿ ಎರಡು ವರ್ಷ ಆದ್ಮೇಲೂ ತಿಂಗಳುಗಟ್ಟಲೆ ತಪ್ತಿದ್ರೆ, ನಿಮ್ಮ ರಿಪೋರ್ಟ್ ತೋರಿಸೋಕೆ ಹೋಗೋ ದಿನ ಅವಳನ್ನೂ ಕರ್ಕೊಂಡು ಹೋಗಿ ತೋರಿಸಿ.